ಬೆರಳಿಗೊಂದು ಗ್ರೀಕ್ ಹೆಸರು

ಯಾವುದೇ ಪದದ ಹುಟ್ಟೂರು ಗೊತ್ತಾದರೆ ಅದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ನನ್ನಿಂದಾಗದು. ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಯ ಕಾಲೇಜಿಗೆ ಇಂಗ್ಲಿಷ್ ಪಾಠ ಹೇಳಲು ಹೋಗುವವನು ನಾನು. ಬಸ್ಸಿನಲ್ಲಿ ಪರಿಚಯದವರು ನನ್ನನ್ನು ಕಂಡೊಡನೆ ನಿದ್ದೆ ಹೋಗುತ್ತಾರೆ. ಒಮ್ಮೆ ಪಕ್ಕ ಕೂತ ಕುರಿ ವ್ಯಾಪಾರಿಗೆ, ಇಂಗ್ಲಿಷರು ಪದ್ಯಕ್ಕೆ ‘ವರ್ಸ್’ ಅನ್ನುವುದು ಲ್ಯಾಟಿನ್ನಿನಿಂದ ಬಂದದ್ದು, ಸಾಲಿನ ಕೊನೆಗೆ ನೇಗಿಲು ತಿರುಗುವುದು ಎಂದು ಅರ್ಥ ಎಂದೆ. ‘ಹಂಗಾದ್ರ ನಮ್ಮಪ್ಪ ದೊಡ್ಡ ಕವಿ ಬಿಡ್ರಿ’ ಎಂದು ಆತ ಕಣ್ಣು ಮುಚ್ಚಿದ.

ಪದ್ಯದ ಅಳತೆಗೆ ಇಂಗ್ಲಿಷರ ಹತ್ತಿರ ಇರುವ ಹೆಸರುಗಳು ಬಹುಪಾಲು ಎರವಲು. ‘ಸ್ಪಾಂಡಿ’ ಎಂದರೆ ಎರಡೂ ಗುರು. ಗ್ರೀಕರು ದೇವರಿಗೆ ಮದ್ಯ ಎರೆಯುವಾಗ ಹಾಡುತ್ತಿದ್ದ ನಿಧಾನದ ಧಾಟಿ. ‘ಡ್ಯಾಕ್ಟಿಲ್’ ಎಂದರೆ ಬೆರಳು. ಬುಡದ ಗೆಣ್ಣು ಉದ್ದ, ಮೇಲಿನೆರಡು ಗಿಡ್ಡ. ಒಂದು ಗುರು, ಎರಡು ಲಘು. ಎಷ್ಟೋ ವರ್ಷಗಳಿಂದ ನನ್ನ ಪಾಠದಲ್ಲಿ ಹುಡುಗರು ಎದ್ದು ಕೂರುತ್ತಿದ್ದ ಜಾಗ ಇದೊಂದೇ.

ಈ ಸಲವೂ ಎಲ್ಲರೂ ಬಲಗೈ ತೋರುಬೆರಳು ಎತ್ತಿ ಎಂದೆ. ಮುಂದಿನ ಬೆಂಚಿನ ಸರೋಜಮ್ಮ ಎತ್ತಲಿಲ್ಲ. ಹಂಪಸಾಗರದವಳು, ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ, ಮನೆಯವರೊಂದಿಗೆ ಜಗಳಾಡಿ ಬಿ.ಎ.ಗೆ ಸೇರಿದವಳು. ‘ಎತ್ತಮ್ಮ, ನಾಚ್ಕಿ ಯಾಕ?’ ಎಂದು ಒತ್ತಾಯ ಮಾಡಿದೆ. ಎತ್ತಿದಳು. ತುದಿಯ ಗೆಣ್ಣನ್ನು ಮೆಕ್ಕೆಜೋಳ ಬಿಡಿಸುವ ಮಿಷನ್ನು ಎಂದೋ ತಿಂದುಹಾಕಿತ್ತು. ನಾನು ತಿರುಗಿ ಕರಿಹಲಗೆ ಒರೆಸತೊಡಗಿದೆ. ಅದರ ಮೇಲೆ ಏನೂ ಬರೆದಿರಲಿಲ್ಲ.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಅಷ್ಟು ಹೋರಾಡಿ ಬಂದವಳನ್ನು ನಾನೇ ಓಡಿಸಿದೆನಲ್ಲ ಎಂದು ಉಂಡದ್ದು ಮೈಗೆ ಹತ್ತಲಿಲ್ಲ. ಸತ್ತು ಸಾವಿರಾರು ವರ್ಷವಾದ ಗ್ರೀಕರ ಬೆರಳು ಬಲ್ಲ ಪಂಡಿತ, ಮೂರು ಮಾರು ದೂರದಲ್ಲಿದ್ದ ಕೈಯನ್ನು ಒಂದು ದಿನವೂ ನೋಡಿರಲಿಲ್ಲ.

ಸೋಮವಾರ ಬಂದಳು. ತಪ್ಪಾಯಿತಮ್ಮ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ಎದ್ದು ನಿಂತು ಬೆರಳೆತ್ತಿದಳು.

‘ಅವತ್ತು ಭಾಳ ಸಿಟ್ಟು ಬಂದಿತ್ರಿ ಸರ್. ಮನಿಗೆ ಹೋಗಿ ಇದನ್ನ ನೋಡಿಕೊಂತ ಕುಂತೆ. ಒಂದು ಉದ್ದ ಐತಿ, ಒಂದು ಗಿಡ್ಡ ಐತಿ. ಇದಕ್ಕ ಗ್ರೀಕರು ಏನಂತಾರ್ರಿ?’

ನಾನು ಕರಿಹಲಗೆಯ ಮೇಲೆ ಒಂದು ಗುರು, ಒಂದು ಲಘು ಬರೆದೆ. ‘ಟ್ರೋಕಿ ಅಂತಾರಮ್ಮ. ಓಡೂದು ಅಂತ ಅದರ ಅರ್ಥ.’

ಅವಳು ಬೆರಳನ್ನೊಮ್ಮೆ ತಿರುಗಿಸಿ ನೋಡಿಕೊಂಡಳು. ಕೂತು, ಅದೇ ಬೆರಳಿಗೆ ಪೆನ್ನು ಆನಿಸಿ ಬರೆದುಕೊಂಡಳು.

ಈಗ ಗೆಳತಿಯರಿಗೆ ಛಂದಸ್ಸು ಹೇಳಿಕೊಡುವವಳು ಅವಳೇ. ಎಡಗೈಯ ತೋರುಬೆರಳು ಡ್ಯಾಕ್ಟಿಲ್, ಬಲಗೈಯದು ಟ್ರೋಕಿ. ನನ್ನವೆರಡೂ ಒಂದೇ ಪಾಠ ಹೇಳುತ್ತವೆ. ಹಾಗಾಗಿ ನಾನು ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತೇನೆ.