ಸಾರೂ ನೀರೇ

ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಮಹಾನಂದಳಷ್ಟು ಅಚ್ಚುಕಟ್ಟಾದ ಹೆಂಗಸನ್ನು ನಾನು ಕಂಡಿಲ್ಲ. ಮೂವತ್ತು ವರ್ಷ ಹೈಸ್ಕೂಲು ಮಕ್ಕಳ ಉತ್ತರಪತ್ರಿಕೆ ತಿದ್ದಿದವಳು ನಾನು, ಸುಮ್ಮಸುಮ್ಮನೆ ಯಾರಿಗೂ ನಂಬರು ಕೊಡುವುದಿಲ್ಲ. ಅವರ ಮನೆ ಕೆಳಗೆ, ನಮ್ಮದು ಮಹಡಿಯ ಮೇಲೆ. ಅವಳ ಗಂಡ ಬಸವಪ್ರಭು, ನನ್ನ ತಮ್ಮನ ವಾರಿಗೆಯವನು, ಬುಕ್ ಬೈಂಡಿಂಗ್ ಅಂಗಡಿ ನಡೆಸುತ್ತಿದ್ದ. ಹೋದ ವರ್ಷ ಯುಗಾದಿ ಕಳೆದ ಮೇಲೆ ಅವನಿಗೆ ಹಾರ್ಟ್ ಅಟ್ಯಾಕ್ ಆಯಿತು. ಜೀವ ಉಳಿಯಿತು, ಆದರೆ ಹೃದಯಕ್ಕೆ ರಕ್ತ ಪಂಪ್ ಮಾಡುವ ಶಕ್ತಿ ತೀರಾ ಕಡಿಮೆಯಾಯಿತು. ಮೈಯಲ್ಲಿ ನೀರು ಸೇರಿಕೊಂಡರೆ ತೂಕ ಏರುತ್ತಿತ್ತು, ಕಾಲು ಊದುತ್ತಿತ್ತು, ಉಸಿರು ಕಟ್ಟುತ್ತಿತ್ತು.

ಡಾಕ್ಟರು ಚೀಟಿ ಬರೆದುಕೊಟ್ಟರು. ಉಪ್ಪು ಕಡಿಮೆ, ನೀರು ದಿನಕ್ಕೆ ಒಂದೂವರೆ ಲೀಟರ್, ದಿನಾ ಬೆಳಿಗ್ಗೆ ತೂಕ ನೋಡಬೇಕು. ಮಹಾನಂದ ಅದನ್ನು ಫ್ರಿಜ್ಜಿಗೆ ಅಂಟಿಸಿ ಅಕ್ಷರಶಃ ಪಾಲಿಸಿದಳು. ಬೆಳಿಗ್ಗೆ ಎರಡು ಬಾಟಲಿಗೆ ನೀರು ಅಳೆದು ತುಂಬಿಟ್ಟರೆ ಆಯಿತು, ಗಂಡ ಗೋಗರೆದರೂ ಅದರ ಮೇಲೆ ಒಂದು ಗುಟುಕು ಕೊಡುತ್ತಿರಲಿಲ್ಲ. ಹೀಗಿದ್ದೂ ನಾಲ್ಕು ತಿಂಗಳಲ್ಲಿ ಮೂರು ಸಲ ಅವನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು.

ಮೂರನೆಯ ಸಲ ತುಮಕೂರಿನಿಂದ ಬಸವಪ್ರಭುವಿನ ಅಣ್ಣ ರೇವಣಸಿದ್ದಯ್ಯ ಬಂದರು. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ರಿಟೈರಾದವರು. ಅವರ ಮಾತಿಗೆ ಎದುರಾಡಿದವರು ಆ ಮನೆತನದಲ್ಲೇ ಇಲ್ಲ. ಆಸ್ಪತ್ರೆಯ ವರಾಂಡದಲ್ಲಿ ಎಲ್ಲರೆದುರಿಗೆ ಹೇಳಿದರು: "ನಿನ್ ಕೈಲಾಗಲ್ಲ ಬಿಡಮ್ಮ. ತಮ್ಮನ್ನ ನಾನು ಕರ್ಕೊಂಡ್ ಹೋಗ್ತೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. ಮಹಾನಂದ ಮಾತ್ರ ತಲೆ ತಗ್ಗಿಸಿ ಒಂದು ತಿಂಗಳ ಗಡುವು ಕೇಳಿದಳು. ಅಷ್ಟರೊಳಗೆ ಮತ್ತೆ ಆಸ್ಪತ್ರೆ ಸೇರುವಂತಾದರೆ ಗಂಡನನ್ನು ಕಳಿಸಿಕೊಡುವುದಾಗಿ ಒಪ್ಪಿದಳು.

ಅದೇ ಆಸ್ಪತ್ರೆಯಲ್ಲಿ ಮಾಧವಿ ಎಂಬ ನರ್ಸ್ ಶನಿವಾರ ಮಧ್ಯಾಹ್ನ ಇಂಥ ರೋಗಿಗಳ ಮನೆಯವರನ್ನು ಕೂರಿಸಿಕೊಂಡು ಮಾತಾಡುತ್ತಿದ್ದರು. ಮಹಾನಂದಳನ್ನು ನಾನೇ ಎಳೆದುಕೊಂಡು ಹೋದೆ. ಮಾಧವಿ ಮೊದಲು ಕೇಳಿದ್ದು ಬಸವಪ್ರಭುವಿನ ವಿಷಯವನ್ನಲ್ಲ.

"ಅಮ್ಮ, ನೀವು ಹೇಗಿದೀರಾ?"

ಮಹಾನಂದ ಅತ್ತುಬಿಟ್ಟಳು. ಇಷ್ಟು ತಿಂಗಳಿಂದ ಬಂದವರೆಲ್ಲ ಗಂಡ ಹೇಗಿದ್ದಾನೆ ಎಂದೇ ಕೇಳಿದ್ದರು. ದಿನಾ ಅವಳ ಬಾಗಿಲ ಮುಂದೆ ಹಾಯುವ ನಾನೂ ಬೇರೇನೂ ಕೇಳಿರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಅವಳು ಸುಧಾರಿಸಿಕೊಂಡ ಮೇಲೆ ಮಾಧವಿ ಬೆಳಗಿನಿಂದ ರಾತ್ರಿಯವರೆಗೆ ಏನೇನು ಕೊಡುತ್ತೀರಿ ಎಂದು ಒಂದೊಂದಾಗಿ ವಿಚಾರಿಸಿದರು. ಪಾಪ, ನೀರಿಗೆ ಬಾಯಿ ಬಿಡುತ್ತಾರಲ್ಲ ಅಂತ ಊಟವಾದ ಮೇಲೆ ಎರಡು ಲೋಟ ಸಾರು, ಸಂಜೆ ಮಜ್ಜಿಗೆ, ರಾತ್ರಿ ಗಂಜಿ ಎಂದಳು ಮಹಾನಂದ. ಅದನ್ನೆಲ್ಲ ಒಂದೂವರೆ ಲೀಟರಿಗೆ ಸೇರಿಸಿದ್ದೀರಾ ಎಂದು ಮಾಧವಿ ಕೇಳಿದರು.

"ಸಾರು ಊಟ ಅಲ್ವಾ?" ಎಂದಳು ಮಹಾನಂದ.

"ಊಟಾನೇ ಅಮ್ಮ. ಆದ್ರೆ ಹೊಟ್ಟೆಗೆ ಹೋದ್ಮೇಲೆ ಸಾರೂ ನೀರೇ."

ಅಲ್ಲಿ ಕೂತಿದ್ದ ಇನ್ನಿಬ್ಬರು ಹೆಂಗಸರು ಮುಖ ಮುಖ ನೋಡಿಕೊಂಡರು. ಚೀಟಿಯಲ್ಲಿ ಬರೀ ನೀರು ಎಂದು ಬರೆದದ್ದು ನಮ್ಮದೇ ತಪ್ಪು ಎಂದರು ಮಾಧವಿ. ನಾನು ನೆಲ ನೋಡುತ್ತ ಕೂತೆ. ಉಪ್ಪು ಕಡಿಮೆ ಹಾಕಿ ಸಾರು ಮಾಡಿ ದಿನ ಬಿಟ್ಟು ದಿನ ಕೆಳಗೆ ಕಳಿಸುತ್ತಿದ್ದ ಪುಣ್ಯಾತ್ಗಿತ್ತಿ ನಾನೇ.

ಮಾರನೆಯ ದಿನದಿಂದ ಹೊಸ ಪದ್ಧತಿ ಶುರುವಾಯಿತು. ಗಂಡನಿಗೆ ಒಂದು ಲೋಟ ಕಾಫಿ ಕೊಟ್ಟರೆ ಮಹಾನಂದ ಬಾಟಲಿಯಿಂದ ಒಂದು ಲೋಟ ನೀರು ತೆಗೆದು ದಾಸವಾಳದ ಕುಂಡಕ್ಕೆ ಸುರಿಯುತ್ತಿದ್ದಳು. ಬಾಟಲಿಯಲ್ಲಿ ಉಳಿದಷ್ಟೇ ಅವನಿಗೆ. ಸಾರಿನ ಬದಲು ಚಪಾತಿ, ಪಲ್ಯ ಬಂತು. ಬಸವಪ್ರಭು ಮೂರು ದಿನ ಮುಖ ಊದಿಸಿಕೊಂಡು ಕೂತ. ಕಾಲು ಊದುವುದಕ್ಕಿಂತ ಮುಖ ಊದುವುದು ವಾಸಿ ಎಂದಳು ಅವಳು.

ಹನ್ನೆರಡನೆಯ ದಿನ ತೂಕ ಮತ್ತೆ ಏರಿತು, ಮೂರೇ ದಿನದಲ್ಲಿ ಎರಡು ಕೆಜಿ. ಹಿಂದೆಲ್ಲ ಉಸಿರು ಕಟ್ಟುವವರೆಗೂ ಕಾಯುತ್ತಿದ್ದವಳು ಈ ಸಲ ಮಾಧವಿ ಹೇಳಿಕೊಟ್ಟಿದ್ದಂತೆ ತಕ್ಷಣ ಅವರಿಗೆ ಫೋನ್ ಮಾಡಿದಳು. ಮಾಧವಿ ಡಾಕ್ಟರನ್ನು ಕೇಳಿ ನೀರಿಳಿಸುವ ಮಾತ್ರೆಯ ಪ್ರಮಾಣ ಬದಲಿಸಿ ಹೇಳಿದರು. ನಾಲ್ಕನೆಯ ದಿನಕ್ಕೆ ತೂಕ ಇಳಿಯಿತು. ಆಸ್ಪತ್ರೆಯ ಮೆಟ್ಟಿಲು ಹತ್ತದೆಯೇ ಗೆದ್ದಳು. ನಾನು ಅವಳಿಗಿಂತ ಜೋರಾಗಿ ಕುಣಿದೆ, ಮಂಡಿನೋವು ಮರೆತು.

ತಿಂಗಳು ತುಂಬಿದ ದಿನ ಚೆಕಪ್ಪಿಗೆ ರೇವಣಸಿದ್ದಯ್ಯನವರೂ ಬಂದರು. ಡಾಕ್ಟರು ಕಾಲು ಒತ್ತಿ ನೋಡಿದರು, ಎದೆಗೆ ಕೊಳವೆ ಇಟ್ಟು ಕೇಳಿದರು, ಮನೆಯಲ್ಲಿ ನೋಡಿಕೊಳ್ಳುವವರು ಯಾರು ಎಂದು ವಿಚಾರಿಸಿ ಮಹಾನಂದಳಿಗೆ ಕೈ ಮುಗಿದರು. ಹೊರಗೆ ಬಂದಮೇಲೆ ರೇವಣಸಿದ್ದಯ್ಯ ಗಂಟಲು ಸರಿಮಾಡಿಕೊಂಡು, ಅವತ್ತು ದುಡುಕಿದೆ ಕಣಮ್ಮ, ಇವನು ನಿನ್ನ ಹತ್ತಿರವೇ ಇರಲಿ ಎಂದರು. ಇವಳು ಈಗ ಕಾಲಿಗೆ ಬೀಳುತ್ತಾಳೆ ಎಂದುಕೊಂಡೆ ನಾನು.

"ಇರ್ತಾರೆ ಭಾವ. ಆದ್ರೆ ನಾನೊಬ್ಳೇ ಮಾಡಲ್ಲ. ಭಾನುವಾರ ನಿಮ್ ಸರದಿ, ಬೆಳಿಗ್ಗೆ ರೈಲಿಗೇ ಬಂದ್ಬಿಡಿ."

ಶಿರಸ್ತೇದಾರರು ಸರಿ ಎಂದು ತಲೆಯಾಡಿಸಿದರು. ಭಾನುವಾರ ಎಂಟೂವರೆಗೆ ಬಂದು, ಅವಳು ಹೇಳಿದ್ದನ್ನೆಲ್ಲ ಕನ್ನಡಕ ಹಾಕಿಕೊಂಡು ಬರೆದುಕೊಂಡು, ತಮ್ಮನ ಮುಂದೆ ಕೂತರು. ಮಹಾನಂದ ಮಹಡಿ ಹತ್ತಿ ಬಂದು ನನ್ನ ಮಂಚದ ಮೇಲೆ ಉರುಳಿಕೊಂಡಳು. ಮಧ್ಯಾಹ್ನ ಮೂರರವರೆಗೆ ಅವಳು ಮಗ್ಗುಲು ಬದಲಿಸಲಿಲ್ಲ, ನಾನು ಎಬ್ಬಿಸಲಿಲ್ಲ.