ಶನಿವಾರ, ರಾಹುಕಾಲ, ಒಂದು ಗುಲಾಬಿ ಮಾತ್ರೆ

ಇಪ್ಪತ್ತೊಂದು ವರ್ಷಗಳಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿರುವ ನಾನು, ಮನೋವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಅಮಾವಾಸ್ಯೆ ಕಳೆಯಲಿ ಎಂದು ಮುಂದಕ್ಕೆ ಹಾಕಿದೆ. ಈ ಮಾತನ್ನು ನಿಮಗೆ ಧೈರ್ಯವಾಗಿ ಹೇಳುತ್ತಿರುವುದಕ್ಕೆ ಕಾರಣ, ನೀವು ನಮ್ಮ ಶಾಲೆಯ ವಿಜ್ಞಾನ ಸಂಘದ ಸದಸ್ಯರಲ್ಲ. ಆ ಸಂಘದ ಅಧ್ಯಕ್ಷ ನಾನೇ. ಸೂರ್ಯಗ್ರಹಣ ಹಿಡಿದಿರುವಾಗಲೇ ಮಕ್ಕಳನ್ನು ಮೈದಾನದಲ್ಲಿ ಕೂರಿಸಿ ಚಿತ್ರಾನ್ನ ತಿನ್ನಿಸಿದವನು, ರಾಹು ಎಂಬ ಗ್ರಹವೇ ಆಕಾಶದಲ್ಲಿ ಇಲ್ಲ ಎಂದು ಮೈಕಿನಲ್ಲಿ ಕೂಗಿದವನು, ಎದುರು ಮನೆಯವರು ರಾಹುಕಾಲ ನೋಡಿ ಸ್ಕೂಟರ್ ತೆಗೆಯುವುದನ್ನು ಕಂಡರೆ ಗೇಟಿನ ಬಳಿ ನಿಂತು ಒಂದು ನಗೆ ನಕ್ಕು ಕಳಿಸುವವನು ನಾನೇ. ಆ ನಗೆಯನ್ನು ಈಗ ನಿಲ್ಲಿಸಿದ್ದೇನೆ.

ನನ್ನ ಕಾಯಿಲೆಗೆ ಖಿನ್ನತೆ ಎಂದು ಹೆಸರು. ಬರೆಯುವುದಕ್ಕೆ ಚೆನ್ನಾಗಿದೆ, ಆಡುವುದಕ್ಕೆ ಬರುವುದಿಲ್ಲ. ತುಮಕೂರಿನಲ್ಲಿ ನಡೆಯುವ ನಾಣ್ಯ ನರ. ಕಾಲು ಜೋಮು ಹಿಡಿದರೂ ನರ, ನಿದ್ದೆ ಬರದಿದ್ದರೂ ನರ, ಬದುಕು ಬೇಡ ಅನ್ನಿಸಿದರೂ ನರದ ವೀಕ್ನೆಸ್. ನಮ್ಮ ಡಾಕ್ಟರ ಬೋರ್ಡಿನ ಮೇಲೆ 'ನರ ಮತ್ತು ಮಾನಸಿಕ' ಎಂದು ಬರೆದಿದೆ. ಬಂದವರೆಲ್ಲ ಮೊದಲನೆಯ ಪದವನ್ನು ಓದಿಕೊಂಡು ಒಳಗೆ ಬಂದು, ಎರಡನೆಯ ಪದಕ್ಕೆ ಔಷಧಿ ತೆಗೆದುಕೊಂಡು ಹೋಗುತ್ತಾರೆ. ಅಲ್ಲಿನ ಬೆಂಚಿನ ಮೇಲೆ ಕೂತವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಒಮ್ಮೆ ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ಎದುರಿಗೇ ಸಿಕ್ಕಿಬಿಟ್ಟರು. ಕೇಳುವ ಮೊದಲೇ ಇಬ್ಬರೂ ಒಟ್ಟಿಗೆ "ನರ" ಅಂದೆವು. ಆಮೇಲೆ ಇಬ್ಬರೂ ಗೋಡೆಯ ಮೇಲಿದ್ದ ಮಿದುಳಿನ ಪಟವನ್ನು ಬಹಳ ಹೊತ್ತು ಅಧ್ಯಯನ ಮಾಡಿದೆವು.

ತಮಾಷೆ ಬದಿಗಿರಲಿ. ಎರಡು ವರ್ಷದ ಹಿಂದೆ ನಾನು ಹನ್ನೊಂದು ದಿನ ಸ್ನಾನ ಮಾಡಿರಲಿಲ್ಲ. ದಿನಾ ಬೆಳಿಗ್ಗೆ ಎದ್ದು, ಬಕೆಟ್ಟಿಗೆ ಬಿಸಿನೀರು ಬಿಟ್ಟುಕೊಂಡು, ಬಚ್ಚಲ ಹೊಸ್ತಿಲ ಮೇಲೆ ಕೂರುತ್ತಿದ್ದೆ. ಚೊಂಬು ಎತ್ತುವುದು ಎಷ್ಟು ದೊಡ್ಡ ಕೆಲಸ ಎಂದು ನಿಮಗೆ ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ನೀರು ಆರುತ್ತಿತ್ತು, ನಾನು ಎದ್ದು ಹೋಗಿ ಮಲಗುತ್ತಿದ್ದೆ. ಆ ಹೊಸ್ತಿಲಿಗೆ ಮತ್ತೆ ಹೋಗಿ ಕೂರಬಾರದು ಎಂಬುದೊಂದೇ ಅಲ್ಲಿಂದೀಚೆಗೆ ನನ್ನ ಜೀವನದ ಗುರಿ. ಬೇರೆಯವರು ಸೈಟು, ಕಾರು ಎಂದೆಲ್ಲ ಗುರಿ ಇಟ್ಟುಕೊಂಡಿರುತ್ತಾರೆ. ನನ್ನದು ಅಗ್ಗದ್ದು.

ಆಗ ನನ್ನನ್ನು ಅಲ್ಲಿಂದ ಎಬ್ಬಿಸಿದ್ದು ಒಂದು ಬಿಳಿ ಮಾತ್ರೆ. ಬಹಳ ನಿಯತ್ತಿನ ಮಾತ್ರೆ. ಅಳು ಬರದ ಹಾಗೆ ಮಾಡಿತು. ಹಾಗೇ ಕೈಗೆ ಸಿಕ್ಕಿತೆಂದು ನಗುವನ್ನೂ ಒಯ್ದಿತು. ಸೋದರಮಾವನ ಮಗನ ಮದುವೆಯಲ್ಲೂ, ಪಕ್ಕದ ಮನೆಯ ಸಾವಿನಲ್ಲೂ ನಾನು ಒಂದೇ ಮುಖ ಇಟ್ಟುಕೊಂಡು ಊಟದ ಹೊತ್ತಿಗೆ ಕಾದಿದ್ದೆ. ಈ ವರ್ಷ ಅದಕ್ಕೂ ಸಾಕಾಯಿತೇನೋ, ನಗುವನ್ನು ಮಾತ್ರ ತನ್ನಲ್ಲೇ ಇಟ್ಟುಕೊಂಡು ಅಳುವನ್ನು ಸ್ವಲ್ಪ ಸ್ವಲ್ಪವಾಗಿ ವಾಪಸು ಕೊಡತೊಡಗಿತು. ಡಾಕ್ಟರು ಮಾತ್ರೆ ಬದಲಾಯಿಸೋಣ ಎಂದರು. ಎರಡು ವಾರ ಬಿಳಿಯದರಲ್ಲಿ ಅರ್ಧ, ಸೋಮವಾರಕ್ಕೆ ಅದು ಮುಗಿಯಬೇಕು, ಮಂಗಳವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಗುಲಾಬಿ ಬಣ್ಣದ ಹೊಸದು. "ಮಧ್ಯೆ ಗ್ಯಾಪ್ ಕೊಡ್ಬೇಡಿ ಮೇಷ್ಟ್ರೇ, ತಲೆ ಕೆಟ್ಟೋಗುತ್ತೆ" ಎಂದು ಎರಡು ಸಲ ಹೇಳಿದರು. ಅವರ ಬಾಯಲ್ಲಿ ಆ ಮಾತು ಕೇಳಿ ನಗಬೇಕೆನ್ನಿಸಿತು, ಬರಲಿಲ್ಲ.

ನನ್ನ ಹೆಂಡತಿ ಗಿರಿಜೆ ಆ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ತಾರೀಖುಗಳನ್ನು ಕೆಂಪು ಇಂಕಿನಲ್ಲಿ ಸುತ್ತಿದಳು. ಅವಳು ಮನೆಯಲ್ಲಿದ್ದಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ಗುಬ್ಬಿಯಲ್ಲಿರುವ ಅವಳ ತಂಗಿಗೆ ಆಪರೇಷನ್ ಆಗಿ, ಭಾನುವಾರವೇ ಹತ್ತು ದಿನದ ಮಟ್ಟಿಗೆ ಹೊರಟುಹೋದಳು. ಶೆಟ್ಟಿಹಳ್ಳಿಯ ಮನೆಯಲ್ಲಿ ಉಳಿದವರು ನಾನು, ನಮ್ಮಮ್ಮ, ಮತ್ತು ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರು.

ಮಂಗಳವಾರ ಬೆಳಿಗ್ಗೆ ಉಪ್ಪಿಟ್ಟು ತಿಂದು, ಮಾತ್ರೆಯ ಪಟ್ಟಿ ಕೈಗೆ ತೆಗೆದುಕೊಂಡೆ. ಅಮ್ಮ ವಿಭೂತಿ ಹಚ್ಚಿಕೊಂಡು ಕಾಫಿ ಕುಡಿಯುತ್ತಿದ್ದವಳು ತಲೆ ಎತ್ತಿದಳು.

"ಹೊಸ ಮಾತ್ರೆ ಏನ್ಲಾ?"

"ಹೂಂ, ನರದ್ದು."

"ಮಂಗಳವಾರ ಯಾಕ್ಲಾ ಹೊಸುದ್ ಸುರು ಮಾಡ್ತೀಯಾ? ಇವತ್ತೊಂದಿನ ಬುಡು."

ಇಷ್ಟೇ ನಡೆದದ್ದು. ವಿಜ್ಞಾನ ಸಂಘದ ಅಧ್ಯಕ್ಷ ಇಲ್ಲಿ ಒಂದು ಸಣ್ಣ ಭಾಷಣ ಮಾಡಬೇಕಿತ್ತು. ಬದಲಿಗೆ, ವಯಸ್ಸಾದವಳ ಜೊತೆ ಬೆಳಿಗ್ಗೆ ಬೆಳಿಗ್ಗೆ ವಾದ ಯಾಕೆ ಎಂದುಕೊಂಡು ಪಟ್ಟಿಯನ್ನು ಡಬ್ಬಿಗೆ ಹಾಕಿದೆ. ಎಷ್ಟು ಒಳ್ಳೆಯ ಮಗ ನೋಡಿ.

ಬುಧವಾರ ಅಮ್ಮ ಏನೂ ಹೇಳಲಿಲ್ಲ. ನಾನೇ ಹೋಗಿ ಕ್ಯಾಲೆಂಡರಿನ ಮುಂದೆ ನಿಂತೆ. ಅಮಾವಾಸ್ಯೆ, ಕಪ್ಪು ಚಂದ್ರ. ಎಂಥೆಂಥ ಕೆಲಸವನ್ನೋ ಜನ ಅಮಾವಾಸ್ಯೆಯ ದಿನ ಮಾಡುವುದಿಲ್ಲವಂತೆ, ಮನಸ್ಸಿನ ಮಾತ್ರೆಯನ್ನು ಶುರು ಮಾಡುವುದೇ? ಗುರುವಾರ ಪಾಡ್ಯ, ಪಾಡ್ಯ ಯಾರಿಗೂ ಆಗಿಬರುವುದಿಲ್ಲ. ಶುಕ್ರವಾರ ಬಿದಿಗೆ, ತಿಥಿಯೇನೋ ಚೆನ್ನಾಗಿತ್ತು, ಆದರೆ ಶುಕ್ರವಾರ ಬಂದದ್ದು ಮನೆಯಲ್ಲೇ ನಿಲ್ಲುತ್ತದೆ ಎಂದು ಅಮ್ಮ ಯಾವ ಕಾಲದಲ್ಲೋ ಹೇಳಿದ್ದು ಸರಿಯಾದ ಸಮಯಕ್ಕೆ ನೆನಪಾಯಿತು, ಮಾತ್ರೆಯೂ ಜನ್ಮಪೂರ್ತಿ ನಿಂತುಬಿಟ್ಟರೆ? ಶನಿವಾರ ಶನಿಯದು, ಭಾನುವಾರ ಡಾಕ್ಟರಿಗೂ ರಜೆ. ಸೋಮವಾರ ಶಿವನ ವಾರ, ಬೆಳಿಗ್ಗೆ ಒಂಬತ್ತಕ್ಕೆ ರಾಹುಕಾಲವೂ ಮುಗಿದಿರುತ್ತದೆ ಎಂದು ತೀರ್ಮಾನ ಮಾಡಿದೆ. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂದು ಪಂಚಾಂಗಕ್ಕೆ ಐದು ಅಂಗ. ಡಾಕ್ಟರ ಚೀಟಿಗೂ ಬೆಳಿಗ್ಗೆ, ಸಂಜೆ, ಊಟದ ಮೊದಲು, ಊಟದ ನಂತರ, ಮತ್ತೆ ಬನ್ನಿ ಎಂದು ಐದೇ ಅಂಗ. ಎರಡನ್ನೂ ಬರೆದವರೇ ಓದಬೇಕು. ಆದರೂ ಈ ನಾಡಿನಲ್ಲಿ ಒಂದನ್ನು ನಂಬುವವನು ಮೂಢ, ಇನ್ನೊಂದನ್ನು ನಂಬುವವನು ನರದ ವೀಕ್ನೆಸ್ ಇರುವವನು. ಎರಡನ್ನೂ ಒಟ್ಟಿಗೆ ಓದಲು ಹೋದವನಿಗೆ ಏನೆನ್ನುತ್ತಾರೋ ತಿಳಿಯದು.

ಇತ್ತ ಬಿಳಿ ಮಾತ್ರೆ ಮೈಬಿಟ್ಟು ಹೋಗುತ್ತಿತ್ತು. ಎರಡು ವರ್ಷ ಒಳಗಿದ್ದ ಬಾಡಿಗೆದಾರ ಹೋಗುವಾಗ ಗೋಡೆಯ ಮೊಳೆ, ಹೋಲ್ಡರು, ಬಲ್ಬು ಎಲ್ಲ ಕಿತ್ತುಕೊಂಡು ಹೋದ ಹಾಗೆ. ಬುಧವಾರ ಸಂಜೆ ಕಣ್ಣನ್ನು ಎಡದಿಂದ ಬಲಕ್ಕೆ ಹೊರಳಿಸಿದೆ, ತಲೆಯೊಳಗೆ ಜುಂ ಎಂದು ಕರೆಂಟು ಹೊಡೆಯಿತು. ಬಲದಿಂದ ಎಡಕ್ಕೆ ಹೊರಳಿಸಿದೆ, ಇನ್ನೊಂದು. ಗುರುವಾರಕ್ಕೆ ತಲೆಸುತ್ತು, ವಾಕರಿಕೆ, ಬೆವರು ಸೇರಿಕೊಂಡವು. ನನ್ನ ಗ್ರಹಚಾರಕ್ಕೆ ಹತ್ತನೇ ಕ್ಲಾಸಿನಲ್ಲಿ ವಿದ್ಯುತ್ತಿನ ಪಾಠ ನಡೆಯುತ್ತಿತ್ತು. ಬೋರ್ಡಿನ ಕಡೆ ತಿರುಗಿದರೆ ಒಂದು ಶಾಕ್, ಮಕ್ಕಳ ಕಡೆ ತಿರುಗಿದರೆ ಒಂದು ಶಾಕ್. ಇಷ್ಟು ಒಳ್ಳೆಯ ಪ್ರಾತ್ಯಕ್ಷಿಕೆಯನ್ನು ಮಕ್ಕಳಿಗೆ ತೋರಿಸುವಂತಿಲ್ಲವಲ್ಲ ಎಂಬುದೊಂದೇ ಕೊರಗು.

ಜೊತೆಗೆ ಅಳು. ಎರಡು ವರ್ಷದ ಬಾಕಿಯೆಲ್ಲ ಒಟ್ಟಿಗೆ ಬಂದಿತು. ಅಡುಗೆ ಎಣ್ಣೆಯ ಜಾಹೀರಾತು ನೋಡಿ ಅತ್ತೆ. ಆಟೋ ಹಿಂದೆ 'ಅಪ್ಪನ ಆಶೀರ್ವಾದ' ಎಂದು ಬರೆದಿದ್ದನ್ನು ಓದಿ ಬಸ್‌ಸ್ಟಾಂಡಿನವರೆಗೂ ಅತ್ತೆ. ಶುಕ್ರವಾರ ಕ್ಲಾಸಿನಲ್ಲಿ ರೋಧದ ಸೂತ್ರ ಬರೆಯುವಾಗ ಕಣ್ಣಲ್ಲಿ ನೀರು ಸುರಿಯಿತು. ಮುಂದಿನ ಬೆಂಚಿನ ಹುಡುಗಿ "ಸಾರ್, ಅಳ್ತಾ ಇದೀರಾ?" ಎಂದಳು. ಸೀಮೆಸುಣ್ಣದ ಧೂಳು ಎಂದೆ. ಬಿಳಿ ಬೋರ್ಡಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆಯುತ್ತಿದ್ದೆ ಎಂಬುದನ್ನು ಇಡೀ ಕ್ಲಾಸು ಮರ್ಯಾದೆಯಿಂದ ಗಮನಿಸದೆ ಬಿಟ್ಟಿತು.

ಇದೇ ವಾರ ಕುಣಿಗಲ್ಲಿನಿಂದ ಸೋದರಮಾವ ಫೋನ್ ಮಾಡಿದ. ಅಮ್ಮನ ತಮ್ಮ, ಸಲಹೆಯಲ್ಲಿ ಎತ್ತಿದ ಕೈ. "ನಮ್ ಕಾಲ್ದಲ್ಲಿ ಇವೆಲ್ಲ ಎಲ್ಲಿತ್ತೋ? ನಮ್ಮೂರ್ ಕೆರೆ ಏರಿ ಮೇಲೆ ದಿನಾ ಎರಡ್ ರೌಂಡ್ ಹೊಡಿ, ಎಲ್ಲಾ ಸರಿಹೋಯ್ತದೆ" ಎಂದ. ಮಾವ ಬಿಪಿಗೆ ಒಂದು, ಶುಗರಿಗೆ ಎರಡು, ಥೈರಾಯ್ಡಿಗೆ ಒಂದು ಮಾತ್ರೆ ನುಂಗುತ್ತಾನೆ. ಕೆರೆ ಏರಿ ಅವನ ಮನೆಯ ಹಿಂದೆಯೇ ಇದೆ. ಇನ್ನು ಅವರ ಕಾಲದಲ್ಲಿ ಇವೆಲ್ಲ ಇತ್ತೋ ಇಲ್ಲವೋ ಎನ್ನುವುದಾದರೆ, ಅಮ್ಮನಿಗೂ ಈ ಮಾವನಿಗೂ ಅಣ್ಣನಾದ ನನ್ನ ದೊಡ್ಡಮಾವ ಒಂಬತ್ತು ವರ್ಷ ಹಿತ್ತಲ ಕೋಣೆಯಿಂದ ಹೊರಗೆ ಬರದೆ ಅಲ್ಲೇ ತೀರಿಕೊಂಡ. ಅವನಿಗೆ ಯಾವ ಕಾಯಿಲೆಯೂ ಇರಲಿಲ್ಲ. 'ಸ್ವಲ್ಪ ಮಾತು ಕಡಿಮೆ' ಎಂದು ಮನೆಯವರು ಹೇಳುತ್ತಿದ್ದರು.

ಗಿರಿಜೆ ಗುಬ್ಬಿಯಿಂದ ದಿನಾ ಫೋನ್ ಮಾಡುತ್ತಿದ್ದಳು. "ರೀ, ಮಾತ್ರೆ ತಗೊಂಡ್ರಾ?" "ತಗೊಂಡೆ." "ಹೆಂಗಿದೆ?" "ಪರವಾಗಿಲ್ಲ." ಸುಳ್ಳು ಹೇಳಲು ಬರುವುದಿಲ್ಲ ಎಂದು ನನ್ನ ಬಗ್ಗೆ ನನಗೊಂದು ಅಭಿಮಾನವಿತ್ತು, ಅದೂ ಆ ವಾರವೇ ಹೋಯಿತು. ಶುಕ್ರವಾರ ಅವಳು "ದನಿ ಯಾಕೆ ಹಂಗಿದೆ?" ಅಂದಾಗ ಶೀತ ಎಂದೆ.

ಈಗ ನಿಜ ಹೇಳುತ್ತೇನೆ. ನನಗೆ ಅಮಾವಾಸ್ಯೆಯ ಮೇಲೆ ನಂಬಿಕೆ ಬಂದಿರಲಿಲ್ಲ. ಭಯವಾಗಿತ್ತು. ಬಿಳಿಯದು ಕೈಕೊಟ್ಟಿತು, ಈ ಗುಲಾಬಿಯದೂ ಕೈಕೊಟ್ಟರೆ? ಪಟ್ಟಿಯಲ್ಲಿ ಇರುವತನಕ ಅದು ನನ್ನನ್ನು ಗುಣಪಡಿಸಬಲ್ಲ ಮಾತ್ರೆ. ನುಂಗಿದ ಮೇಲೆ ಗುಣಪಡಿಸದೆಯೂ ಹೋಗಬಹುದು. ಈ ಮಾತನ್ನು ಬಾಯಿಬಿಟ್ಟು ಹೇಳಿಕೊಳ್ಳುವುದಕ್ಕಿಂತ ಪಾಡ್ಯ ಬಿದಿಗೆ ಎನ್ನುವುದು ಸುಲಭ. ಎದುರು ಮನೆಯವರು ಸ್ಕೂಟರ್ ತೆಗೆಯಲು ಯಾಕೆ ಹೆದರುತ್ತಾರೆಂದು ನಾನು ಯಾವತ್ತೂ ಕೇಳಿರಲಿಲ್ಲ. ನಕ್ಕಿದ್ದೆ, ಅಷ್ಟೆ.

ಶನಿವಾರ ಶಾಲೆಗೆ ಹೋಗಲಿಲ್ಲ. ಬಕೆಟ್ಟಿಗೆ ನೀರು ಬಿಟ್ಟುಕೊಂಡೆ. ಸ್ವಲ್ಪ ತಲೆಸುತ್ತು ಕಡಿಮೆಯಾಗಲಿ ಎಂದು ಹೊಸ್ತಿಲ ಮೇಲೆ ಕೂತೆ. ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಕೈ ಅದ್ದಿ ನೋಡಿದೆ, ನೀರು ಆರಿತ್ತು. ಆಗ ಎಲ್ಲಿ ಕೂತಿದ್ದೇನೆಂದು ತಿಳಿಯಿತು.

"ಏನ್ಲಾ, ಮತ್ತೆ ಇಲ್ ಬಂದ್ ಕೂತ್ಕಂಡ್ಯಾ?"

ಅಮ್ಮ ಹಿಂದೆ ನಿಂತಿದ್ದಳು. ಅವಳು ಒಳಗೆ ಹೋದಳು. ಡಬ್ಬಿ ತೆಗೆದ ಸದ್ದಾಯಿತು. ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಮಾತ್ರೆಯ ಪಟ್ಟಿ ಹಿಡಿದು ಬಂದಳು.

"ಒಂದೂ ಬಿಚ್ಚಿಲ್ವಲ್ಲೋ!"

"ನೀನೇ ತಾನೆ ಮಂಗಳವಾರ ಬೇಡ ಅಂದಿದ್ದು?"

"ಮಂಗಳವಾರ ಅಂದೆ. ಬುಧವಾರಕ್ಕೇನ್ ಬಂದಿತ್ತು?"

"ಅಮಾವಾಸ್ಯೆ."

"ಅಮಾಸೆ ಶಿವನ್ ಪೂಜೆಗೆ ಒಳ್ಳೇ ದಿನ ಕಣ್ಲಾ. ಅಷ್ಟೂ ತಿಳ್ಕಳ್ದೆ ಅದ್ಯಾವ್ ಪಂಚಾಂಗ ನೋಡ್ದೆ? ಬಾಯ್ ತೆಗಿ."

ಗಡಿಯಾರ ನೋಡಿದೆ. ಒಂಬತ್ತೂವರೆ. "ಅಮ್ಮಾ, ಶನಿವಾರ ಒಂಬತ್ತರಿಂದ ರಾಹುಕಾಲ" ಎಂದೆ. ಹೌದು, ನಾನೇ ಅಂದೆ. ಜೀವಮಾನದಲ್ಲಿ ರಾಹುಕಾಲ ನೋಡದೆ ಹೂಕೋಸನ್ನೂ ಕೊಳ್ಳದ ನಮ್ಮಮ್ಮ ಮಾತ್ರೆಯನ್ನು ಪಟ್ಟಿಯಿಂದ ಒತ್ತಿ ತೆಗೆದಳು.

"ರಾಹು ಬಂದ್ರೆ ಅವ್ನಿಗೂ ಒಂದ್ ಕೊಡಾನ. ನೀನ್ ಮೊದ್ಲು ನುಂಗು."

"ಭಯ ಆಗುತ್ತೆ ಕಣಮ್ಮಾ. ಇದೂ ಕೆಲ್ಸ ಮಾಡ್ದೆ ಹೋದ್ರೆ?"

"ಮಾಡ್ದೆ ಹೋದ್ರೆ ಇನ್ನೊಂದ್ ಕೊಡ್ತಾರೆ. ಅದೂ ಮಾಡ್ದೆ ಹೋದ್ರೆ ಮತ್ತೊಂದು. ಮೆಡಿಕಲ್ ಸ್ಟೋರ್ ತುಂಬ ಇಟ್ಕಂಡಿಲ್ವಾ?" ಅಮ್ಮ ಲೋಟವನ್ನು ನನ್ನ ಕೈಗೆ ತುರುಕಿದಳು. "ನಮ್ಮಣ್ಣನ್ಗೆ ಒಂಬತ್ ವರ್ಷದಾಗೆ ಯಾರೂ ಒಂದ್ ಮಾತ್ರೆ ಕೊಡ್ಲಿಲ್ಲ ಕಣ್ಲಾ. ಒಳ್ಳೇ ಟೈಮ್ ಬತ್ತದೆ, ಬತ್ತದೆ ಅಂತ ಕಾದ್ವಿ."

ನುಂಗಿದೆ. ಅಮ್ಮ ಅಲ್ಲೇ ನಿಂತು, ನಾನು ಬಾಲವಾಡಿಯ ಮಗುವೇನೋ ಎಂಬಂತೆ ಬಾಯಿ ತೆರೆಸಿ ನೋಡಿದಳು. ಆಮೇಲೆ ಬಕೆಟ್ಟಿಗೆ ಇನ್ನಷ್ಟು ಬಿಸಿನೀರು ತಂದು ಸುರಿದು, ನಾಲ್ಕು ಚೊಂಬು ತಾನೇ ನನ್ನ ತಲೆಯ ಮೇಲೆ ಹುಯ್ದಳು. ಅಂಗಿ ಹಾಕಿಕೊಂಡೇ ಇದ್ದೆ. ವಿಜ್ಞಾನ ಸಂಘದ ನಲವತ್ತಾರು ವರ್ಷದ ಅಧ್ಯಕ್ಷನಾದ ನಾನು ಬಚ್ಚಲಲ್ಲಿ ಒದ್ದೆಯಾಗಿ ಕೂತು ಜೋರಾಗಿ ಅತ್ತೆ. ಈ ಸಲದ್ದು ಎಣ್ಣೆಯ ಜಾಹೀರಾತಿಗೆ ಅತ್ತ ಅಳುವಲ್ಲ.

ಶಾಕುಗಳು ನಿಲ್ಲುವುದಕ್ಕೆ ಇನ್ನೂ ಎರಡು ವಾರ ಹಿಡಿಯಿತು. ಗಿರಿಜೆಗೆ ಅಮ್ಮನೇ ಫೋನಿನಲ್ಲಿ ಎಲ್ಲ ವರದಿ ಒಪ್ಪಿಸಿದ್ದರಿಂದ, ಅವಳು ವಾಪಸು ಬಂದ ಮೇಲಿನ ಶಾಕುಗಳನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಮೂರನೆಯ ವಾರ ಒಂದು ಬೆಳಿಗ್ಗೆ, ಸ್ನಾನ ಮುಗಿಸಿ ಮೈ ಒರೆಸಿಕೊಳ್ಳುವಾಗ, ಸ್ನಾನ ಮಾಡಿದ್ದೇ ಗಮನಕ್ಕೆ ಬಂದಿರಲಿಲ್ಲ ಎಂದು ಹೊಳೆಯಿತು. ಮಾತ್ರೆ ಕೆಲಸ ಮಾಡುವ ರೀತಿ ಇದು, ಡೋಲು ಬಾರಿಸಿಕೊಂಡು ಬರುವುದಿಲ್ಲ.

ಆ ವಾರದ ಶುಕ್ರವಾರ ಸಂಜೆ ಡಾಕ್ಟರ ಹತ್ತಿರ ಹೋದೆ. ಅವರು ತಾರೀಖುಗಳನ್ನು ನೋಡಿ, "ನಾಲ್ಕು ದಿನ ಯಾಕೆ ಗ್ಯಾಪು?" ಎಂದರು.

"ಅಂಗಡೀಲಿ ಸ್ಟಾಕ್ ಇರ್ಲಿಲ್ಲ ಸಾರ್."

ಅವರು ಬರೆಯುತ್ತಲೇ ಹೇಳಿದರು, "ಹೂಂ. ಅಮಾವಾಸ್ಯೆ ವಾರ ನಮ್ಮ್ ಪೇಷಂಟ್ಸ್‌ಗೆ ಯಾರ್ಗೂ ಸ್ಟಾಕ್ ಸಿಗಲ್ಲ." ಪ್ರಮಾಣ ಸ್ವಲ್ಪ ಹೆಚ್ಚಿಸಿದರು, ನಾಳೆ ಬೆಳಿಗ್ಗೆಯಿಂದ ತಗೊಳ್ಳಿ ಎಂದರು.

ಮನೆಗೆ ಬಂದು ಹೇಳಿದಾಗ ಅಮ್ಮನಿಗೆ ಬಹಳ ಸಂತೋಷವಾಯಿತು. "ಶನಿವಾರ ರಾಹುಕಾಲ ನಮ್ ಮನೆಗೆ ಆಗಿಬತ್ತದೆ" ಎಂದಳು. ನಾನು ಸುಮ್ಮನಿರುತ್ತೇನೆಯೇ? ಒಂದೇ ಒಂದು ಸಲ ನಡೆದದ್ದನ್ನು ಪುರಾವೆ ಎನ್ನುವುದಿಲ್ಲ, ಹಾಗೆ ನೋಡಿದರೆ ಯಾವ ಹೊತ್ತಿನಲ್ಲಿ ನುಂಗಿದರೂ ಇದೇ ಆಗುತ್ತಿತ್ತು ಎಂದು ಅವಳಿಗೆ, ಗಿರಿಜೆಗೆ, ಎದುರು ಮನೆಯವರಿಗೂ ಕೇಳಿಸುವಷ್ಟು ದನಿಯಲ್ಲಿ ವಿವರಿಸಿದೆ.

ಮರುದಿನ ಶನಿವಾರ. ತಿಂಡಿ ಮುಗಿಸಿ, ನೀರಿನ ಲೋಟ ತಂದಿಟ್ಟುಕೊಂಡು, ಮಾತ್ರೆಯನ್ನು ಅಂಗೈಗೆ ತೆಗೆದುಕೊಂಡೆ. ಗಡಿಯಾರ ನೋಡಿದೆ. ಎಂಟು ಐವತ್ತೈದು. ಅಮ್ಮ ಅಡುಗೆಮನೆಯಲ್ಲಿದ್ದಳು, ಗಿರಿಜೆ ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದಳು, ಯಾರೂ ನೋಡುತ್ತಿರಲಿಲ್ಲ. ಐದು ನಿಮಿಷ ಕಾದೆ.