ಮೂರನೆಯ ಕರೆ

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ಒಳಗೊಳಗೇ ನಗುತ್ತಿದ್ದವಳು ನಾನು. ಸಾಲದ್ದಕ್ಕೆ ಉಡುಪಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವಳು. ಹಾಗಾಗಿ ಇದನ್ನು ಬರೆಯುವಾಗ ನನಗೇ ಸ್ವಲ್ಪ ನಾಚಿಕೆ. ನೀವು ನಂಬಲೇಬೇಕೆಂದು ನಾನು ಹೇಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಅತ್ತೆಯನ್ನೂ ಆರು ವರ್ಷದ ಮಗಳನ್ನೂ ಕರೆದುಕೊಂಡು ತಿರುಗಾಟಕ್ಕೆ ಹೊರಟಿದ್ದೆ. ಬೆಳಗ್ಗೆ ಕಾರ್ಕಳದ ಗೊಮ್ಮಟ ಬೆಟ್ಟ, ಸಂಜೆ ಕಾಪುವಿನ ಕಡಲ ತೀರ. ದೀಪಸ್ತಂಭದ ಬಳಿ ಬರುವ ಹೊತ್ತಿಗೆ ಇಬ್ಬರಿಗೂ ಕಾಲು ಸೋತಿತ್ತು. 'ನೀನು ಹೋಗಿ ಬಾ, ಮಗು ನನ್ನ ಹತ್ತಿರ ಇರಲಿ' ಎಂದು ಅತ್ತೆ ಮರಳಿನಲ್ಲಿ ಕುಳಿತರು. ಸೂರ್ಯಾಸ್ತದ ಫೋಟೊ ಬೇಕೆಂಬ ಚಪಲ ನನಗೆ. ಒಬ್ಬಳೇ ಹತ್ತಿದೆ.

ಮೇಲಿಂದ ಬಗ್ಗಿ ನೋಡಿದಾಗ ಅತ್ತೆ ಕಂಡರು. ಅವರ ಪಕ್ಕದಲ್ಲಿ ಮಗಳ ಹಳದಿ ಫ್ರಾಕು ಇರಲಿಲ್ಲ.

ಬಂಡೆಯ ಮರೆಯಲ್ಲಿ ಆಡುತ್ತಿರಬೇಕು ಅಂದುಕೊಂಡೆ. ಆದರೂ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದೆ. ಅತ್ತೆ ಎದ್ದು ನಿಂತು ಅತ್ತಿತ್ತ ನೋಡುತ್ತಿದ್ದರು. 'ಈಗ ಇಲ್ಲೇ ಇತ್ತು ಮಾರಾಯ್ತಿ. ಚಪ್ಪಲಿ ಇಲ್ಲೇ ಉಂಟು ನೋಡು' ಎಂದರು. ಕಡಲು ಏರುವ ಹೊತ್ತು. ಬಂಡೆಗಳ ಮೇಲೆ ನೀರು ಹತ್ತತೊಡಗಿತ್ತು.

ಓಡಿದೆ. ಕೂಗಬೇಕೆಂದರೆ ಸ್ವರವೇ ಹೊರಡಲಿಲ್ಲ. ಒಂದೇ ಒಂದು ಸಲವೂ ಅವಳನ್ನು ಕರೆಯಲಾಗಲಿಲ್ಲ. ಇದು ಮಾತ್ರ ನನಗೆ ಖಚಿತ.

ಬಂಡೆಗಳ ಆಚೆ ಬದಿಯಲ್ಲಿ ಸಿಕ್ಕಿದಳು. ಪಾಚಿ ಹಿಡಿದ ಕಲ್ಲಿನ ತುದಿಯಲ್ಲಿ, ಪಾದ ಮುಳುಗುವ ನೀರಿನಲ್ಲಿ, ಕಡಲಿಗೆ ಮುಖ ಮಾಡಿ ನಿಂತಿದ್ದಳು. ಹಿಂದಿನಿಂದ ಸೊಂಟ ಹಿಡಿದು ಎಳೆದುಕೊಂಡೆ. ಅವಳಿಗೆ ಹೆದರಿಕೆಯಲ್ಲ, ಆಶ್ಚರ್ಯ.

'ನೀನು ಈಚೆಯಿಂದ ಹೇಗೆ ಬಂದೆ ಅಮ್ಮ? ಅಲ್ಲಿಂದ ಅಲ್ವಾ ಕರೆದದ್ದು?' ಎಂದು ನೀರಿನ ಕಡೆ ಕೈ ತೋರಿಸಿದಳು. 'ನೀನು ಎರಡು ಸಲ ಕರೆದೆ. ನೋಡಲಿಕ್ಕೆ ನಾನು ಇಲ್ಲಿವರೆಗೆ ಬಂದೆ. ಮೂರನೇ ಸಲ ಕರೆದರೆ ಇಳಿಯುವ ಅಂತ ನಿಂತಿದ್ದೆ.'

ಮುಸ್ಸಂಜೆಯಲ್ಲಿ ಯಾರಾದರೂ ಹೆಸರು ಹಿಡಿದು ಕರೆದರೆ ಮೂರನೆಯ ಸಲಕ್ಕೆ ಮಾತ್ರ ಹೋಗಬೇಕು, ಪ್ರೇತವಾದರೆ ಎರಡೇ ಸಲ ಕರೆಯುವುದು ಎಂದು ಅತ್ತೆ ಅವಳಿಗೆ ಕಲಿಸಿದ್ದರು. ಮಗುವಿನ ತಲೆಗೆ ಇಲ್ಲದ್ದನ್ನೆಲ್ಲ ತುಂಬಬೇಡಿ ಎಂದು ನಾನು ಅವರೊಡನೆ ಜಗಳವಾಡಿದ್ದೂ ಉಂಟು. ಆ ಸಂಜೆ ಅವರ ಮುಖ ನೋಡಲು ನನ್ನಿಂದಾಗಲಿಲ್ಲ. ಅವರು ಸೆರಗಿನಿಂದ ಮಗುವಿನ ಕಾಲು ಒರೆಸುತ್ತಲೇ ಇದ್ದರು.

ಬೇರೆ ಯಾರೋ ತಾಯಿ ತನ್ನ ಮಗುವನ್ನು ಕರೆದಿರಬಹುದು. ಗಾಳಿಗೆ ಸದ್ದು ಎಲ್ಲಿಂದಲೋ ಬಂದಂತೆ ಕೇಳುತ್ತದೆ, ಅದನ್ನು ನಾನೇ ಪಾಠ ಮಾಡುತ್ತೇನೆ. ಆದರೆ ಏನೆಂದು ಕರೆದದ್ದು ಎಂದು ಕೇಳಿದಾಗ ಮಗಳು ಹೇಳಿದ್ದು, ಮಲಗಿಸುವಾಗ ಅವಳ ಕಿವಿಯಲ್ಲಿ ನಾನೊಬ್ಬಳೇ ಪಿಸುಗುಟ್ಟುವ ಮುದ್ದಿನ ಹೆಸರು. ಅದು ಅತ್ತೆಗೂ ಗೊತ್ತಿಲ್ಲ.

ಮಗಳಿಗೆ ಈಗ ಎಲ್ಲ ಮರೆತುಹೋಗಿದೆ. ನಾನು ಇನ್ನೊಂದು ನಿಮಿಷ ತಡ ಮಾಡಿದ್ದರೆ ಮೂರನೆಯ ಕರೆ ಬರುತ್ತಿತ್ತೇ? ಯೋಚಿಸಿ ಯೋಚಿಸಿ ಸಾಕಾಗಿದೆ. ಊಟಕ್ಕೆ ಬಾ ಎಂದು ಈಗಲೂ ಅವಳನ್ನು ಎರಡು ಸಲ ಕರೆಯುತ್ತೇನೆ. ಬಾರದಿದ್ದರೆ, ಬಡಿಸುವುದನ್ನು ಬಿಟ್ಟು ಎದ್ದು ಹೋಗಿ, ಕೈ ಹಿಡಿದುಕೊಂಡೇ ಕರೆತರುತ್ತೇನೆ.